ಅರ್ಜಿ ಹಂಪಯ್ಯನವರ ಹತ್ತಿರ ಇದೆ

ಲಿಂಗಂಪಲ್ಲಿಯ ಈ ಕನ್ನಡ ಸಂಘದ ಹಾಲ್‌ಗೆ ಚಂದ್ರಕಾಂತ ಅವರ ಶ್ರದ್ಧಾಂಜಲಿಗಂತ ಕೆಲಸ ಬದಿಗಿಟ್ಟು ಬಂದ ಎಲ್ಲಾರಿಗೂ ಶರಣು. ಮುಂದಿನ ಸಾಲಿನಾಗ ಕೂತ ಅವರ ಹೆಂಡತಿ, ನನಗ ತಂಗಿಯಂಥ ಸ್ನೇಹಲತಾ ಅವರಿಗೆ, ಅವರ ಮಗಳು ಸುಮಂಗಲಾಗ ಕೈ ಮುಗೀತೀನಿ. ನಾನು ಹಂಪಯ್ಯ. ಕಾಲೇಜಿನಾಗ ಚಂದ್ರಕಾಂತ ಅವರು ಕಲಿಸ್ತಿದ್ದ ಕಂಪ್ಯೂಟರ್ ವಿಭಾಗದ ಮುಖ್ಯಸ್ಥ. ನಮ್ಮ ತೆಲುಗು ಹುಡುಗರೂ ಬಂದಾರ. ಮನೋಜ, ಪಕ್ಕದವರಿಗೆ ಸಣ್ಣ ದನಿಯಾಗ ತೆಲುಗಿನಾಗ ತಿಳಿಸಿ ಹೇಳಪಾ.

ಮೊದಲು ಅವರ ಕೆಲಸ ಏನಿತ್ತು ಅಂತ ಹೇಳ್ತೀನಿ. ಹುಡುಗರು ಪ್ರಾಜೆಕ್ಟ್ ಅಂತ ವೆಬ್‌ಸೈಟ್ ಮಾಡ್ತಾರ, ಆಫೀಸಿನ ಕಂಪ್ಯೂಟರಿಗೆ ತಂತ್ರಾಂಶ ಮಾಡ್ತಾರ. ಅದರ ಸ್ಕ್ರೀನ್ ಹ್ಯಾಂಗಿರಬೇಕು, ಯಾವ ಬಟನ್ ಎಲ್ಲಿರಬೇಕು — ಅದನ್ನ ಕಲಿಸೂದು ಇವರ ಕೆಲಸ. ನಾವೆಲ್ಲಾ ಬಣ್ಣ ನೋಡಿ ಮಾರ್ಕ್ಸ್ ಹಾಕೋ ಮಂದಿ. ಚಂದ್ರಕಾಂತ ಹಂಗಲ್ಲ. ಅವರು ಸುಗಲಮ್ಮನ್ನ ಕರೀತಿದ್ರು.

ಸುಗಲಮ್ಮ, ಎಲ್ಲಿ ಕೂತೀರಿ? ಹಾಂ, ಅಲ್ಲೇ ಬಾಗಲಾ ಹತ್ರ. ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕ ಬಂದವರು, ಈಗ ನಮ್ಮ ಲ್ಯಾಬ್ ಕಸ ಹೊಡೀತಾರ. ಅವರನ್ನ ಕುರ್ಚಿ ಮ್ಯಾಲೆ ಕೂಡಿಸಿ, ಕೈಗೆ ಮೌಸ್ ಕೊಟ್ಟು, "ಅಕ್ಕಾರ, ಇದರಾಗ ದವಾಖಾನಿ ಚೀಟಿ ತಗೋರಿ ನೋಡೂಣು" ಅಂತಿದ್ರು. ಹುಡುಗರು ಹಿಂದ ನಿಂದರಬೇಕು. ಒಂದೇ ಕಾಯಿದೆ — ಎರಡು ನಿಮಿಷ ಬಾಯಿ ಬಿಡಂಗಿಲ್ಲ. ಬೆರಳು ತೋರಸಂಗಿಲ್ಲ. ಅಕ್ಕಾರು ಸಿಕ್ಕೊಂಡ್ರೂ ಸುಮ್ಮ ನೋಡಬೇಕು.

ಒಮ್ಮೆ ಸುಗಲಮ್ಮ ಒಂದು ಸ್ಕ್ರೀನಿಗೆ ಹೋಗಿ ನಿಂತುಬಿಟ್ರು. ಇತ್ಲಾಗ ಒತ್ತಿದ್ರು, ಅತ್ಲಾಗ ಒತ್ತಿದ್ರು. ಆಮ್ಯಾಲೆ ತಿರುಗಿ, "ಸರ, ಒಳಗ ಬಂದೀನ್ರಿ, ಹೊರಗ ಹೋಗಾಕ ದಾರಿನೇ ಇಲ್ಲಲ್ಲರಿ" ಅಂದ್ರು. ಹುಡುಗರು ನಕ್ಕರು. ಚಂದ್ರಕಾಂತ ನಗಲಿಲ್ಲ. "ತಪ್ಪು ಅವರದಲ್ಲ, ಕಟ್ಟಿದವರದು. ಹಿಂದಕ್ಕ ಹೋಗೋ ಬಟನ್ ಇಲ್ಲದ ಸ್ಕ್ರೀನ್ ನನ್ನ ಮುಂದ ತರಬ್ಯಾಡ್ರಿ" ಅಂದ್ರು.

ಇದನ್ನ ಕೇಳಿ ನಾನೂ ಹೌದಂತ ಗೋಣು ಹಾಕಿದ್ದೆ. ಗೋಣು ಹಾಕೂದರಾಗ ನಾನು ಭಾಳ ಹುಷಾರ್.

ನಮ್ಮ ಕಾಲೇಜಿನ ಒಂದು ರೂಢಿ ಹೊರಗಿನವರಿಗೆ ಗೊತ್ತಿರಲಿಕ್ಕಿಲ್ಲ. ಕೆಲಸಕ್ಕ ಸೇರಿದ ದಿನ ನಮ್ಮ ಅಸಲಿ ಸರ್ಟಿಫಿಕೇಟ್ ಎಲ್ಲಾ ಆಫೀಸಿನ ಅಲಮಾರಿಯೊಳಗ ಇಟ್ಟುಕೋತಾರ. ಬಿಟ್ಟು ಹೋಗಬೇಕಂದ್ರ ಮುಖ್ಯಸ್ಥ ಒಪ್ಪಿಗಿ ಕೊಡಬೇಕು. ಆಗ ಅಲಮಾರಿ ತೆಗೀತಾರ. ಈ ಅರ್ಜಿ ಮೊದಲು ಕಾಗದದಾಗ ಟೇಬಲ್‌ನಿಂದ ಟೇಬಲ್‌ಗೆ ಅಲೀತಿತ್ತು. ಮನೋಜನ ತಂಡ ಅದನ್ನೇ ಪ್ರಾಜೆಕ್ಟ್ ಮಾಡಿ, ಕಂಪ್ಯೂಟರಿನಾಗ ತಂದ್ರು. ಮೊದಲ ಸಲ ತೋರಿಸಿದಾಗ ಸ್ಕ್ರೀನಿನ ಮ್ಯಾಲೆ "ಅರ್ಜಿ ಪರಿಶೀಲನೆಯಲ್ಲಿದೆ" ಅಂತ ಬರ್ತಿತ್ತು.

"ಯಾರ ಪರಿಶೀಲನೆ?" ಅಂದ್ರು ಚಂದ್ರಕಾಂತ. "ಹೆಸರು ಹಾಕು. ಎಷ್ಟು ದಿನ ಆತು ಅದನ್ನೂ ಹಾಕು. ಸಿಕ್ಕೊಂಡ ಮನುಷ್ಯಾಗ ಬಾಗಲದ ಕೀಲಿ ಯಾರ ಹತ್ರ ಐತಿ ಅಂತ ಗೊತ್ತಾಗಬೇಕಪಾ."

ಆಫೀಸಿನವರು ಮೆಚ್ಚಿಕೊಂಡು ಅದನ್ನೇ ಬಳಸಾಕ ಶುರು ಮಾಡಿದ್ರು. ಅದರಾಗ ಬಂದ ಮೊದಲ ಬಿಡುಗಡೆ ಅರ್ಜಿ — ಚಂದ್ರಕಾಂತ ಅವರದು.

ರಾಯಚೂರಿನ ಕಾಲೇಜಿನಾಗ ಕೆಲಸ ಸಿಕ್ಕಿತ್ತು. ಸ್ನೇಹಲತಾ ಅಲ್ಲೇ ಶಾಲಿ ಟೀಚರ್. ಆರು ವರ್ಷ ಪ್ರತಿ ಶನಿವಾರ ರೈಲು ಹತ್ತಿ ಮಗಳ ಮುಖ ನೋಡಾಕ ಹೋಗ್ತಿದ್ದ ಮನುಷ್ಯಾ, ಒಂದೇ ಮನಿಯಾಗ ಇರಬೇಕು ಅಂತ ಕೇಳಿದ. ಇಷ್ಟೇ ಕೇಳಿದ.

ಮ್ಯಾನೇಜ್‌ಮೆಂಟಿನವರು ನನ್ನ ಕರೆದು, "ಇನ್‌ಸ್ಪೆಕ್ಷನ್ನಿನವರು ಮಾಸ್ತರ ತಲಿ ಎಣಸ್ತಾರ, ಅದು ಮುಗಿಯೂ ಮಟ ಯಾರನ್ನೂ ಬಿಡಬ್ಯಾಡ್ರಿ" ಅಂದ್ರು. ಬಾಯಿಮಾತಿನಾಗ. ಕಾಗದದ ಮ್ಯಾಲೆ ಇಲ್ಲ. ಆ ಇನ್‌ಸ್ಪೆಕ್ಷನ್ ಮುಗೀತು, ಇನ್ನೊಂದು ಬಂತು. ರಾಯಚೂರಿನವರು ಎಂಟು ತಿಂಗಳು ಕಾದು ಬ್ಯಾರೆಯವರನ್ನ ತಗೊಂಡ್ರು. ಚಂದ್ರಕಾಂತ ಅರ್ಜಿ ಮಾತ್ರ ಹಿಂದಕ್ಕ ತಗೊಳ್ಳಲಿಲ್ಲ. ಅವರ ಸ್ಕ್ರೀನ್ ಮ್ಯಾಲೆ ದಿನಾ ಬರ್ತಿತ್ತು: "ಅರ್ಜಿ ಹಂಪಯ್ಯನವರ ಹತ್ತಿರ ಇದೆ." ಕೆಳಗ ದಿನದ ಲೆಕ್ಕ. ನಲವತ್ತು. ಇನ್ನೂರು. ಐನೂರು.

ದಿನಾ ನನ್ನ ಜೋಡಿ ಚಹಾ ಕುಡೀತಿದ್ರು. ಒಂದಿನಾನೂ ಜಗಳಾಡಲಿಲ್ಲ. ಒಮ್ಮೆ ಮಾತ್ರ ಚಹಾದ ಬಸಿ ಕೆಳಗಿಟ್ಟು, "ಸರ, ಹುಡುಗರು ಛಲೋ ಮಾಡ್ಯಾರ ನೋಡ್ರಿ. ಎಲ್ಲಿ ನಿಂತೈತಿ ಅಂತ ಸ್ಪಷ್ಟ ಕಾಣಸ್ತೈತಿ" ಅಂದ್ರು. ನಾನು ಇನ್ನೊಂದು ಚಹಾ ಹೇಳಿದೆ.

ಒಪ್ಪಿಗಿ ಬಟನ್ ಯಾಕ ಒತ್ತಲಿಲ್ಲ ಅಂತ ಕೇಳ್ತೀರಿ. ನನ್ನ ಸರ್ಟಿಫಿಕೇಟೂ ಅದೇ ಅಲಮಾರಿಯೊಳಗ ಅದಾವ್ರಿ. ಹನ್ನೊಂದು ವರ್ಷ ಆತು. ಹೆದರಿದ್ದೆ. ಇದಕ್ಕ ಬ್ಯಾರೆ ಹೆಸರಿಲ್ಲ.

ಹೋದ ಶನಿವಾರ ಇದೇ ಲಿಂಗಂಪಲ್ಲಿ ಸ್ಟೇಷನ್ನಿನ ಬೆಂಚಿನ ಮ್ಯಾಲೆ ರೈಲಿಗೆ ಕಾಯ್ಕೋತ ಕೂತಾಗ ಎದಿ ಹಿಡಕೊಂಡ್ರು. ದವಾಖಾನಿ ಮುಟ್ಟಲಿಲ್ಲ.

ಸೋಮವಾರ ಆಫೀಸಿನಿಂದ ಫೋನ್ — "ಸರ, ಅವರ ಫೈಲ್ ಮುಚ್ಚಬೇಕು, ಒಪ್ಪಿಗಿ ಒತ್ತಿಬಿಡ್ರಿ." ಒತ್ತಿದೆ. ಅರ್ಧ ನಿಮಿಷದ ಕೆಲಸ. ಸ್ಕ್ರೀನ್ ಮ್ಯಾಲೆ ಬಂತು: "ಚಂದ್ರಕಾಂತ ಅವರು ಇನ್ನು ಹೋಗಬಹುದು."

ಅದರ ಕೆಳಗ ಅವರೇ ಹಟ ಹಿಡಿದು ಹಾಕಿಸಿದ ಬಟನ್. ಹಿಂದಕ್ಕೆ. ನಾನು ಹುಚ್ಚನಂಗ ಅದನ್ನ ಒತ್ತಿದೆ. ಹಿಂದಕ್ಕ ಹೋತು. "ಅರ್ಜಿ ಹಂಪಯ್ಯನವರ ಹತ್ತಿರ ಇದೆ. ಆರುನೂರ ಹನ್ನೆರಡು ದಿನ."

ನಿನ್ನೆ ಆ ಸರ್ಟಿಫಿಕೇಟ್ ತಗೊಂಡು ರಾಯಚೂರಿಗೆ ಹೋಗಿದ್ದೆ. ಸ್ನೇಹಲತಾ ಒಂದೊಂದೇ ಹಾಳಿ ತಿರುವಿ ನೋಡಿ, "ಅಣ್ಣಾರ, ಇವು ಈಗ ಯಾರಿಗೆ ಬೇಕ್ರಿ?" ಅಂದ್ರು.

ನಮ್ಮ ವಿಭಾಗದ ಸುಹಾಸಿನಿ ಮೇಡಂ, ಗುರುಸಿದ್ದಪ್ಪ ಸರ — ನಿಮ್ಮ ಬಿಡುಗಡೆ ಅರ್ಜಿಗಳೂ ನನ್ನ ಹತ್ರ ಇದ್ವು. ಇವತ್ತು ಮುಂಜಾನೆ ಎರಡಕ್ಕೂ ಒಪ್ಪಿಗಿ ಒತ್ತಿ ಬಂದೀನಿ. ನಾಳೆ ಮ್ಯಾನೇಜ್‌ಮೆಂಟಿನವರು ಕರೀತಾರ, ಕರೀಲಿ. ನನ್ನ ಅರ್ಜಿ ಯಾರ ಹತ್ರನೂ ಇಲ್ಲ. ಅದನ್ನ ಬರಿಯೂ ಧೈರ್ಯ ಇನ್ನೂ ಬಂದಿಲ್ಲ.

ಈಗ ಎಲ್ಲಾರೂ ಎದ್ದು ನಿಂದರ್ರಿ. ಸುಗಲಮ್ಮ, ನೀವೂ ಮುಂದ ಬರ್ರಿ. ಚಂದ್ರಕಾಂತ ತಮ್ಮ ಹುಡುಗರಿಗೆ ಹೇಳ್ತಿದ್ದ ಎರಡು ನಿಮಿಷ ಐತಲ್ಲ, ಅದೇ ಎರಡು ನಿಮಿಷ. ಬಾಯಿ ಬಿಡಂಗಿಲ್ಲ. ಹುಡುಗರು ಸುಮ್ಮ ನಿಂತು ನೋಡಿ, ಆಮ್ಯಾಲೆ ಹೋಗಿ ತಿದ್ದತಿದ್ರು. ನಾನು ಆರುನೂರ ಹನ್ನೆರಡು ದಿನ ಸುಮ್ಮ ನಿಂತು ನೋಡಿದೆ, ತಿದ್ದಲಿಲ್ಲ.

ನಿಂದರ್ರಿ.