ಕೆಂಪಕ್ಷರಕ್ಕೆ ಹೆದರಿದವಳು

ಒಂದೂರಿನ ಸಣ್ಣ ಆಸ್ಪತ್ರೆಯಲ್ಲಿ ಒಬ್ಬ ನರ್ಸಮ್ಮ ಇದ್ದಳು. ಪ್ರವಚನದಲ್ಲಿ ಕಥೆ ಅಂದ ಕೂಡಲೇ ರಾಜನೋ ಶ್ರೀಮಂತನೋ ಬರಬೇಕೆಂದು ಕೂತಿದ್ದೀರಿ. ಇವತ್ತು ಇವಳೇ ಬರುತ್ತಾಳೆ. ತಿಂಗಳ ಮಾತ್ರೆ ಒಯ್ಯುವ ನೂರಾರು ರೋಗಿಗಳಿಗೆ ಫೋನು ಮಾಡಿ, ಮಾತ್ರೆ ಮುಗಿಯಿತು ಬನ್ನಿ ಎಂದು ಕರೆಯುವುದು ಅವಳ ಕೆಲಸ. ಕರೆದು ಕರೆದು ಗಂಟಲು ಒಣಗುತ್ತಿತ್ತು. ಈ ಕೆಲಸವನ್ನು ಕಂಪ್ಯೂಟರೇ ಮಾಡುವ ಹಾಗೆ ಪ್ರೋಗ್ರಾಂ ಬರೆಯಲು ಕಲಿಯುತ್ತೇನೆಂದು ಹಟ ಹಿಡಿದಳು. ಗುರುವಿಲ್ಲ, ಶಾಲೆಯಿಲ್ಲ. ಊಟದ ಬಿಡುವಿನಲ್ಲಿ, ಭಾನುವಾರದ ಮಧ್ಯಾಹ್ನ, ಮೊಬೈಲಿನಲ್ಲಿ ಪಾಠ ನೋಡಿಯೇ ಕಲಿತಳು. ನೋಡಿ, ಇದರಲ್ಲಿ ತಪ್ಪೇನಿದೆ? ಏನೂ ಇಲ್ಲ. ಹೀಗೆ ಕಲಿಯುವವರನ್ನು ಕಂಡರೆ ನನಗೆ ಕೈಮುಗಿಯಬೇಕೆನಿಸುತ್ತದೆ.

ಆದರೆ ಅವಳಿಗೊಂದು ಭಯ. ಬರೆದದ್ದರಲ್ಲಿ ತಪ್ಪಿದ್ದರೆ ಕಂಪ್ಯೂಟರು ಕೆಲಸ ನಿಲ್ಲಿಸಿ, ಇಂಥ ಸಾಲಿನಲ್ಲಿ ತಪ್ಪಿದೆ ಎಂದು ಕೆಂಪಕ್ಷರದಲ್ಲಿ ತೋರಿಸುತ್ತದೆ. ಕಲಿಯುವವರಿಗೆ ಅದೇ ಮೇಷ್ಟ್ರು. ಇವಳಿಗೋ, ಎಲ್ಲರೆದುರು ದಡ್ಡಿ ಎಂದು ಕೂಗಿದ ಹಾಗೆ. ಓದುತ್ತಲೇ ಇರಲಿಲ್ಲ. ಒಂದು ದಿನ ಎಲ್ಲಿಂದಲೋ ಪ್ರೋಗ್ರಾಂಗೆ ಸೇರಿಸುವ ಒಂದು ಸಾಲು ಸಿಕ್ಕಿತು. ಅದರ ಅರ್ಥ ಇಷ್ಟೇ: ತಪ್ಪು ಬಂದರೆ ಸುಮ್ಮನಿರು, ಮುಂದಕ್ಕೆ ಹೋಗು. ಬರೆದಳು. ಕೆಂಪು ಮಾಯವಾಯಿತು. ರೋಗಿಗಳಿಗೆ ಮೆಸೇಜು ಹೋಯಿತು, ಡಾಕ್ಟರು ಭೇಷ್ ಎಂದರು, ಇವಳು ನೆಮ್ಮದಿಯಾಗಿ ಊಟ ಮಾಡಿದಳು.

ಹತ್ತು ದಿನ ಕಳೆದಿರಲಿಲ್ಲ. ಒಬ್ಬ ಹೆಂಗಸನ್ನು ಹೊತ್ತು ತಂದರು. ಮೂರ್ಛೆರೋಗದವಳು. ಮಾತ್ರೆ ತಪ್ಪಿ, ದೋಸೆ ಹುಯ್ಯುತ್ತಿದ್ದ ಕಾವಲಿಯ ಮೇಲೆ ಬಿದ್ದಿದ್ದಳು. ಕೈ ಮೊಣಕೈವರೆಗೆ ಬೆಂದಿತ್ತು. ಯಾರು ಗೊತ್ತೇ? ನರ್ಸಮ್ಮನ ಒಡಹುಟ್ಟಿದ ತಂಗಿ. ಕಣ್ಣು ಬಿಟ್ಟವಳು ಹೇಳಿದ್ದು ಒಂದೇ ಮಾತು:

"ಅಕ್ಕಾ, ಎಲ್ಲಾರ್ಗೂ ಮೆಸೇಜ್ ಬಂತಂತೆ, ನಂಗೆ ಬರ್ಲಿಲ್ಲ. ನನ್ ಮಾತ್ರೆ ನಿಲ್ಸಿದೀರ ಅಂದ್ಕೊಂಡೆ ಕಣೇ."

ನರ್ಸಮ್ಮ ಓಡಿಹೋಗಿ ಆ ಸಾಲನ್ನು ಅಳಿಸಿ, ಪ್ರೋಗ್ರಾಂ ಮತ್ತೆ ನಡೆಸಿದಳು. ಕೆಂಪಕ್ಷರ ಬಂತು. ಈ ಸಲ ಓದಿದಳು. ತಂಗಿಯ ಫೋನ್ ನಂಬರಿನಲ್ಲಿ ಸೊನ್ನೆ ಇರಬೇಕಾದ ಕಡೆ ಇಂಗ್ಲಿಷಿನ 'ಓ' ಅಕ್ಷರ ಕೂತಿತ್ತು. ಅದನ್ನು ಒತ್ತಿದ್ದು ಅವಳದೇ ಬೆರಳು. ಕಂಪ್ಯೂಟರಿಗೆ ಗೊತ್ತಿತ್ತು. ಹೇಳಲು ಬಾಯಿ ತೆರೆದಿತ್ತು. ಆ ಬಾಯಿ ಮುಚ್ಚಿಸಿದವರು ಯಾರು?

ಯಾಕೆ ತಲೆ ತಗ್ಗಿಸಿದಿರಿ? ನಿಮ್ಮ ಮನೆಯಲ್ಲಿ ಆ ಸಾಲು ಬರೆದಿಲ್ಲವೇ? ಹೆಂಡತಿ ಒಂದು ಮಾತು ಅಂದರೆ 'ಸುಮ್ನಿರೇ' ಎನ್ನುತ್ತೀರಿ. ಸೊಸೆ ತಪ್ಪು ತೋರಿಸಿದರೆ ಪಾತ್ರೆ ಕುಕ್ಕುತ್ತೀರಿ, ತಾಯಂದಿರೇ. ಈಗ ಮನೆಯಲ್ಲಿ ಯಾರೂ ಏನೂ ಹೇಳುವುದಿಲ್ಲ. ಅದನ್ನೇ ಶಾಂತಿ ಅಂದುಕೊಂಡಿದ್ದೀರಿ. ನನಗೆ ಆ ಶಾಂತಿ ಕಂಡರೆ ಭಯ. ನಾನೂ ಹೊರತಲ್ಲ. ಮಠದ ಅಡುಗೆಯ ಅಜ್ಜ ಮೊದಲು ಮುಖಕ್ಕೆ ಹೊಡೆದ ಹಾಗೆ ನನ್ನ ತಪ್ಪು ಹೇಳುತ್ತಿದ್ದ. ಒಮ್ಮೆ ಗದರಿದೆ. ಎರಡು ವರ್ಷವಾಯಿತು, ಬಡಿಸಿ ಸುಮ್ಮನೆ ಹೋಗುತ್ತಾನೆ. ಅಷ್ಟು ದಿನದಲ್ಲಿ ನಾನೆಷ್ಟು ತಪ್ಪಿದೆನೋ, ಯಾರಿಗೆ ಸುಟ್ಟಿತೋ, ನನಗೆ ಗೊತ್ತಿಲ್ಲ.

ಇವತ್ತು ಮನೆಗೆ ಹೋಗಿ. ಎಲ್ಲರಿಗಿಂತ ಕಡಿಮೆ ಮಾತಾಡುವವರು ಯಾರೋ, ಅವರ ಪಕ್ಕದಲ್ಲಿ ಕೂತು, ನನ್ನದು ಎಲ್ಲಿ ತಪ್ಪಿದೆ ಎಂದು ಕೇಳಿ. ಹೇಳಿದ್ದನ್ನು ಕೊನೆಯವರೆಗೆ ಕೇಳಿ. ನಡುವೆ ಬಾಯಿ ಹಾಕಬೇಡಿ. ನಾನೂ ಇಲ್ಲಿಂದ ಇಳಿದು ನೇರ ಅಡುಗೆಮನೆಗೆ ಹೋಗುತ್ತೇನೆ. ಕೇಳಲು ನಾಚಿಕೆಯಾದರೆ ಆಗಲಿ. ಆ ತಂಗಿಯ ಕೈ ಇವತ್ತಿಗೂ ಮಡಚಲು ಬರುವುದಿಲ್ಲ.