ಹೇಳಿದ ಮಾತು ಮೀರದ ಹುಡುಗಿ

ಅಮೆರಿಕದ ಡುಲುತ್‌ನ ಆಸ್ಪತ್ರೆಯೊಂದರಲ್ಲಿ ಕಾಫಿ ಯಂತ್ರ ಮತ್ತೆ ಕೆಟ್ಟಿತ್ತು, ಸಾಲು ಮುಂದಕ್ಕೆ ಹೋಗುತ್ತಲೇ ಇರಲಿಲ್ಲ. ನನ್ನ ಮುಂದೆ ಡಾಕ್ಟರ್ ಪ್ರೂಯಿಟ್ ನಿಂತಿದ್ದರು. ಅವರ ಜೊತೆಗಿದ್ದವಳು ಟೆಸ್, ಬೇಸಿಗೆಯೆಲ್ಲ ಅವರ ಹಿಂದೆ ನೆರಳಿನ ಹಾಗೆ ಓಡಾಡಿ ಕೆಲಸ ನೋಡಿದ ಕಾಲೇಜು ಹುಡುಗಿ.

"ಡಾಕ್ಟ್ರೇ, ಮೆಡಿಕಲ್ ಕಾಲೇಜಿಗೆ ಅರ್ಜಿ ಹಾಕ್ತಿದೀನಿ. ನೀವೊಂದು ಶಿಫಾರಸು ಪತ್ರ ಬರ್ಕೊಡ್ತೀರಾ?"

"ಬರ್ಕೊಡ್ತೀನಮ್ಮ, ಅದಕ್ಕೇನಂತೆ. ಏನಂತ ಬರೀಲಿ, ನೀನೇ ಹೇಳು."

"ಹೇಳಿದ ಮಾತು ಮೀರಲಿಲ್ಲ ಅಂತ. ಗೋಡೆ ಪಕ್ಕ ನಿಂತ್ಕೋ, ನೋಡೋಕೆ ಬಂದೋರು ರೋಗಿಗಳನ್ನ ಮುಟ್ಟೋ ಹಾಗಿಲ್ಲ ಅಂದಿದ್ರಿ. ನಾನು ಯಾರನ್ನೂ ಮುಟ್ಟಲಿಲ್ಲ."

"ಹಾಸಿಗೆ ಹಿಡಿದಿದ್ದ ಹಾಲ್ಬರ್ಗ್ ಅಜ್ಜಿ ಕೈ ಚಾಚಿದಾಗ್ಲೂ ನೀನು ಮುಟ್ಟಲಿಲ್ಲ," ಅಂದರು ಡಾಕ್ಟರು.

ಹುಡುಗಿ ಯಂತ್ರದ ಗುಂಡಿಯನ್ನು ಮತ್ತೊಮ್ಮೆ ಒತ್ತಿದಳು.

"ಅವರ ಮಗಳು ಇನ್ನೂ ವಿಮಾನದಲ್ಲಿದ್ರು, ಡಾಕ್ಟ್ರೇ. ಅಜ್ಜಿ ನನ್ನನ್ನೇ ಮಗಳು ಅಂದ್ಕೊಂಡ್ರು. ನಾನು ನಿಮ್ಮ ಮುಖ ನೋಡಿದೆ. ನೀವು ಬೇಡ ಅಂತ ತಲೆ ಆಡಿಸಿದ್ರಿ."

"ಹೌದು. ಆಡಿಸಿದೆ."

"ಮಗಳು ಬರೋಷ್ಟರಲ್ಲಿ ಅಜ್ಜಿ ಹೋಗೇಬಿಟ್ರು."

"ಗೊತ್ತಮ್ಮ."

"ನಿಮಗೆ ಯಾವ ನಿಯಮಾನೂ ಇರಲಿಲ್ವಲ್ಲ. ನೀವೇ ಆ ಕೈ ಹಿಡ್ಕೋಬಹುದಿತ್ತು."

ಯಂತ್ರ ಗೊರಗೊರ ಸದ್ದು ಮಾಡಿ ಎರಡು ಲೋಟ ತುಂಬಿಸಿತು. ಡಾಕ್ಟರು ತೆಗೆದುಕೊಳ್ಳಲಿಲ್ಲ.

"ನಾನು ಕಂಪ್ಯೂಟರಲ್ಲಿ ಅವರ ವಿವರ ಟೈಪ್ ಮಾಡ್ತಿದ್ದೆ," ಅಂದರು. "ಅಜ್ಜಿ ಕಡೆ ತಿರುಗಿ ಕೂಡ ನೋಡಲಿಲ್ಲ. ನಿನ್ನ ಕಡೆ ಮಾತ್ರ ನೋಡಿದೆ."

ಹುಡುಗಿ ಎರಡೂ ಲೋಟ ಎತ್ತಿ, ಒಂದನ್ನು ಅವರ ಕೈಗಿಟ್ಟಳು. ಇಬ್ಬರೂ ಲಿಫ್ಟಿನ ಕಡೆ ನಡೆದರು. ಬಾಗಿಲು ಮುಚ್ಚುವ ಮುಂಚೆ ಅವಳ ದನಿ ಕೇಳಿಸಿತು.

"ಡಾಕ್ಟ್ರೇ, ಹೇಳಿದ ಮಾತು ಮೀರಲಿಲ್ಲ ಅಂತ ಮಾತ್ರ ಬರೀಬೇಡಿ."