ಒಂದೇ ಮೂಸೆಯ ಚಮಚಗಳು

ಆನ್ಸಾಂಗ್ ಪೇಟೆಯ ಅಂಚೆ ಕಚೇರಿಯ ಸಾಲಿನಲ್ಲಿ ಮುದುಕಿ ಓಕ್ರ್ಯೆ ಕಂಚಿನ ಚಮಚವನ್ನು ಅಂಗಿಯ ತೋಳಿನಿಂದ ಉಜ್ಜುತ್ತಿದ್ದಳು. ಮೊಮ್ಮಗಳು ದಾಬಿನ್ ಜೊತೆಗಿದ್ದಳು. ಹಿಂದೆ ನಿಂತಿದ್ದ ನೆರೆಮನೆಯ ಮಲ್ಸುನ್‌ಗೆ ಎಲ್ಲ ಕೇಳುತ್ತಿತ್ತು.

"ಚೂರು ಕೆರೆದು ಆಮ್ಲದಲ್ಲಿ ಕರಗಿಸಿದ್ರೆ ನೂರಕ್ಕೆ ಎಷ್ಟು ತಾಮ್ರ, ಎಷ್ಟು ತವರ ಅಂತ ಕಾಲೇಜಲ್ಲಿ ಲೆಕ್ಕ ಹಾಕ್ತೀನಿ ಅಜ್ಜಿ. ನಿನ್ನ ಕೈಲಿರೋ ಚಿಕ್ಕಜ್ಜಿ ಚಮಚ ಕೊಡು. ಅದ್ರಲ್ಲಿ ಯಾರೂ ಉಣ್ಣಲ್ವಲ್ಲ."

"ನನ್ನ ತಂಗಿ ಮುನಿಸ್ಕೊಂಡು ಹೋಗಿದಾಳೆ, ಸತ್ತಿಲ್ಲ ಕಣೇ. ನನ್ನ ಚಮಚ ಕೆರಿ."

"ಅದು ಸವೆದು ಎಲೆ ಆಗಿದೆ."

"ಸವೆದ್ರೆ ತವರದ ಪಾಲು ಕಮ್ಮಿ ಆಗುತ್ತಾ?"

"ಇಲ್ಲ, ಪಾಲು ಅಷ್ಟೇ ಇರುತ್ತೆ."

"ಎರಡನ್ನೂ ಅಪ್ಪ ಒಂದೇ ಮೂಸೇಲಿ ಕರಗಿಸಿ ಮಾಡಿದ್ದು."

"ಹಂಗಾದ್ರೆ ಇಬ್ಬರದ್ದೂ ಒಂದೇ ಲೆಕ್ಕ. ಆದ್ರೂ ಒಬ್ಬಳೇ ಉಣ್ಣೋಕೆ ಎರಡು ಚಮಚ ಇಡ್ತೀಯ, ಚಿಕ್ಕಜ್ಜಿಗೆ ಬರೆದ ಕಾಗದ ಮಾತ್ರ ಪ್ರತಿ ಹಬ್ಬಕ್ಕೂ ಇಲ್ಲಿವರೆಗೂ ತಂದು, ಹಾಕ್ದೆ ವಾಪಸ್ ಒಯ್ತೀಯ."

ಕಿಟಕಿಯ ಬಳಿ ಬಂದಾಗ ಮುದುಕಿ ಮೂಲೆ ಸವೆದ ಲಕೋಟೆಯನ್ನು ಒಳಗೆ ತಳ್ಳಿದಳು.

"ಬುಸಾನಿಗೆ, ನನ್ನ ತಂಗಿಗೆ."

"ಏನು ಬರೆದಿದೀಯ ಅಜ್ಜಿ?"

"ಊಟಕ್ಕೆ ಬಾ ಅಂತ."

ಮುದ್ರೆ ಬಿತ್ತು. ತಂಗಿಯ ಚಮಚವನ್ನು ಹಿಡಿದುಕೊಂಡೇ ಅವಳು ಹೊರನಡೆದಳು.